ಶಿಕ್ಷಣ ವಿಭಾಗವೊಂದರ ಇತಿಹಾಸ ಬರೆಯುವ ಬಗೆ: ಕಲಬುರಗಿ ಸೀಮೆಯವರಿಗೆ ಒಂದು ಕೈಪಿಡಿ

ವಿಶ್ವವಿದ್ಯಾಲಯದ ವಿಭಾಗವೊಂದು ಬೆಳ್ಳಿಹಬ್ಬವನ್ನೋ ಸುವರ್ಣ ಮಹೋತ್ಸವವನ್ನೋ ಆಚರಿಸುವ ಹೊತ್ತಿಗೆ ಸ್ಮರಣ ಸಂಚಿಕೆಯ ಮಾತು ಏಳುತ್ತದೆ; ಅದರಲ್ಲಿ ವಿಭಾಗ ನಡೆದುಬಂದ ದಾರಿಯನ್ನು ಬರೆಯುವ ಹೊಣೆ ಹೆಚ್ಚಾಗಿ ಎಲ್ಲರಿಗಿಂತ ಕಿರಿಯರಾದ ಅಧ್ಯಾಪಕರ ಪಾಲಿಗೆ ಬರುತ್ತದೆ. ಅವರು ಮುಖ್ಯಸ್ಥರ ಕೊಠಡಿಯಲ್ಲಿ ತೂಗುಹಾಕಿದ ಹಲಗೆಯಿಂದ ಹೆಸರುಗಳನ್ನೂ ಅವಧಿಗಳನ್ನೂ ಇಳಿಸಿಕೊಂಡು, ನಡೆದ ವಿಚಾರ ಸಂಕಿರಣಗಳ ಪಟ್ಟಿಯನ್ನು ಸೇರಿಸಿ, ಪಿಎಚ್.ಡಿ. ಪಡೆದವರ ಸಂಖ್ಯೆಯನ್ನು ಕೊನೆಗೆ ಕೊಟ್ಟು ಮುಗಿಸುತ್ತಾರೆ. ಬೇರೆ ವಿಭಾಗಗಳಿಗೆ ಇಷ್ಟು ಸಾಲಬಹುದೇನೋ. ಆದರೆ ಮುಖ್ಯೋಪಾಧ್ಯಾಯರು, ಕ್ಷೇತ್ರ ಶಿಕ್ಷಣಾಧಿಕಾರಿಗಳು (ಬಿಇಒ), ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ (ಡಯಟ್) ಉಪನ್ಯಾಸಕರು, ಬಿ.ಇಡಿ. ಕಾಲೇಜುಗಳ ಪ್ರಾಂಶುಪಾಲರು ಓದಿಹೋದ ಶಿಕ್ಷಣ ವಿಭಾಗಕ್ಕೆ ಇದು ಸಾಲದು. ಅಂಥ ವಿಭಾಗದ ಕೆಲಸ ಕಾಣುವುದು ಅದರ ಕೊಠಡಿಗಳಲ್ಲಲ್ಲ, ಅಫಜಲಪುರದ, ಔರಾದದ, ಸುರಪುರದ ಶಾಲೆಗಳಲ್ಲಿ ಮತ್ತು ಅಲ್ಲಿನ ಬಿಇಒ ಕಚೇರಿಗಳ ಕಡತಗಳಲ್ಲಿ. ಆದ್ದರಿಂದ ಅದರ ಇತಿಹಾಸ ಬರೆಯಹೊರಟವರು ವಿಭಾಗದೊಳಗಿನ ಕಾಗದಪತ್ರಗಳನ್ನು ಎಷ್ಟು ಶ್ರದ್ಧೆಯಿಂದ ಓದುತ್ತಾರೋ, ಅದಕ್ಕಿಂತ ಹೆಚ್ಚು ಶ್ರದ್ಧೆಯಿಂದ ಹೊರಗಿನ ಕಾಗದಪತ್ರಗಳನ್ನು ಹುಡುಕಬೇಕಾಗುತ್ತದೆ.

ಎಲ್ಲಿಂದ ಆರಂಭಿಸಬೇಕು

ಮೊದಲ ತೊಡಕು ಹುಟ್ಟಿದ ವರ್ಷದ್ದು. ಗುಲಬರ್ಗಾ ವಿಶ್ವವಿದ್ಯಾಲಯ ಸ್ವತಂತ್ರವಾಗಿ ಅಸ್ತಿತ್ವಕ್ಕೆ ಬಂದದ್ದು 1980ರಲ್ಲಿ. ಅದಕ್ಕೂ ಮೊದಲು, 1970ರಿಂದ, ಇಲ್ಲಿದ್ದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ಹೀಗಾಗಿ ಈ ಭಾಗದ ಯಾವುದೇ ಹಳೆಯ ವಿಭಾಗಕ್ಕೆ ಒಂದಲ್ಲ, ಹಲವು ಜನ್ಮವರ್ಷಗಳಿರುವ ಸಾಧ್ಯತೆ ಉಂಟು: ವಿಭಾಗ ತೆರೆಯಲು ಮಂಜೂರಾತಿ ದೊರೆತ ವರ್ಷ, ಅಧ್ಯಾಪಕ ಹುದ್ದೆಗಳು ಮಂಜೂರಾದ ವರ್ಷ, ಮೊದಲ ತಂಡದ ಪ್ರವೇಶವಾದ ವರ್ಷ, ಆ ತಂಡ ಪರೀಕ್ಷೆ ಬರೆದು ಹೊರಬಿದ್ದ ವರ್ಷ. ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಉಳಿದವನ್ನು ಮರೆತುಬಿಡುವುದು ಸಂಚಿಕೆಗಳಲ್ಲಿ ಕಾಣುವ ಸಾಮಾನ್ಯ ದೋಷ. ನಾಲ್ಕನ್ನೂ ಬೇರೆಬೇರೆಯಾಗಿ ಬರೆದುಕೊಂಡು, ಪ್ರತಿಯೊಂದಕ್ಕೂ ಯಾವ ದಾಖಲೆ ಆಧಾರವೆಂಬುದನ್ನು ಪಕ್ಕದಲ್ಲಿ ಗುರುತುಮಾಡಿಕೊಳ್ಳಬೇಕು. ಮಂಜೂರಾತಿಗೂ ಮೊದಲ ಪ್ರವೇಶಕ್ಕೂ ನಡುವೆ ಎರಡು ಮೂರು ವರ್ಷಗಳ ಅಂತರ ಕಂಡುಬಂದರೆ, ಆ ಅಂತರವೇ ವಿಭಾಗದ ಇತಿಹಾಸದ ಮೊದಲ ಅಧ್ಯಾಯ. ಹಣ ಬರಲಿಲ್ಲವೇ, ಅಧ್ಯಾಪಕರು ಸಿಗಲಿಲ್ಲವೇ, ಕಟ್ಟಡವಿರಲಿಲ್ಲವೇ ಎಂಬುದನ್ನು ಅಲ್ಲಿಯೇ ಕೇಳಬೇಕು.

ವಿಭಾಗಕ್ಕೂ ಹಿಂದಿನ ಕಾಲವನ್ನು ಒಂದು ಪುಟದಲ್ಲಿ ಹೇಳಿ ಮುಂದೆ ಸಾಗುವುದು ಲೇಸು, ಆದರೆ ಆ ಒಂದು ಪುಟ ಸರಿಯಾಗಿರಬೇಕು. 1948ರ ಸೆಪ್ಟೆಂಬರ್ 17ರವರೆಗೆ ಈ ಸೀಮೆ ಹೈದರಾಬಾದ್ ಸಂಸ್ಥಾನದ ಭಾಗವಾಗಿತ್ತು. ಉನ್ನತ ಶಿಕ್ಷಣಕ್ಕೆ 1918ರಲ್ಲಿ ಸ್ಥಾಪನೆಯಾದ, ಉರ್ದುವನ್ನು ಬೋಧನಾ ಮಾಧ್ಯಮವಾಗಿರಿಸಿಕೊಂಡ ಉಸ್ಮಾನಿಯಾ ವಿಶ್ವವಿದ್ಯಾಲಯವೇ ಆಧಾರ. ಶಿಕ್ಷಣ ಇಲಾಖೆಯ ನಿರ್ದೇಶಕರನ್ನು ನಾಜಿಮ್ ತಾಲೀಮಾತ್ ಎಂದೂ ಜಿಲ್ಲೆಯ ಶಾಲಾ ತನಿಖಾಧಿಕಾರಿಯನ್ನು ಮೊಹತಮಿಮ್ ತಾಲೀಮಾತ್ ಎಂದೂ ಕರೆಯುತ್ತಿದ್ದ ಆಡಳಿತವದು. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾದಾಗ ಉರ್ದುವಿನಲ್ಲಿ ಓದಿ ಉರ್ದುವಿನಲ್ಲಿಯೇ ಟಿಪ್ಪಣಿ ಬರೆಯುತ್ತಿದ್ದ ಶಿಕ್ಷಕರೂ ತನಿಖಾಧಿಕಾರಿಗಳೂ ಮೈಸೂರು ರಾಜ್ಯದ ಇಲಾಖೆಯೊಳಗೆ ಬಂದರು. ಈ ಪೀಳಿಗೆ ನಿವೃತ್ತವಾಗುತ್ತ, ಕನ್ನಡ ಮಾಧ್ಯಮದಲ್ಲಿ ಓದಿದವರು ಅವರ ಕುರ್ಚಿಗಳಿಗೆ ಬರುತ್ತಿದ್ದ ಕಾಲದಲ್ಲಿಯೇ ಇಲ್ಲಿ ಸ್ನಾತಕೋತ್ತರ ಶಿಕ್ಷಣವೂ ಬೇರೂರಿತು. ಎರಡನ್ನೂ ಜೊತೆಯಲ್ಲಿಟ್ಟು ನೋಡಬೇಕು.

ನಿಜಾಂ ಕಾಲದ ಕಡತಗಳನ್ನು ನೋಡುವವರಿಗೆ ಎರಡು ಎಚ್ಚರಿಕೆಗಳು. ಅವುಗಳಲ್ಲಿನ ವರ್ಷ ಫಸಲಿ ವರ್ಷ, ಅಂದರೆ ಆ ಆಡಳಿತದ ಕಂದಾಯ ವರ್ಷ. ಅದು ಅಕ್ಟೋಬರ್ ಆರಂಭದಲ್ಲಿ ಶುರುವಾಗುತ್ತಿದ್ದುದರಿಂದ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ತಾರೀಖುಗಳಿಗೆ 590ನ್ನೂ ಜನವರಿಯ ನಂತರದವುಗಳಿಗೆ 591ನ್ನೂ ಕೂಡಿಸಿದರೆ ಇಸವಿ ಸಿಗುತ್ತದೆ. 1357 ಫಸಲಿ ಎಂದರೆ 1947–48. ಎರಡನೆಯದು, ಜಿಲ್ಲೆಯ ಗಡಿ. ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು 1956ರವರೆಗೆ ಗುಲಬರ್ಗಾ ಜಿಲ್ಲೆಯಲ್ಲಿದ್ದವು, ಉದಗೀರ್ ಬೀದರ್ ಜಿಲ್ಲೆಯಲ್ಲಿತ್ತು. ಹಳೆಯ ಶಾಲಾ ಸಂಖ್ಯೆಗಳನ್ನು ಇಂದಿನ ಜಿಲ್ಲೆಗಳ ಸಂಖ್ಯೆಗಳೊಡನೆ ನೇರವಾಗಿ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ನಿಜಾಂ ಕಾಲದ ಮೂಲ ದಾಖಲೆಗಳು ಹೈದರಾಬಾದಿನ ತಾರನಾಕಾದಲ್ಲಿರುವ ರಾಜ್ಯ ಪತ್ರಾಗಾರದಲ್ಲಿವೆ, ಓದಲು ಉರ್ದು ಬಲ್ಲವರ ನೆರವು ಬೇಕು; ಕಲಬುರಗಿಯಲ್ಲಿ ಅಂಥ ಹಿರಿಯರಿಗೆ ಇನ್ನೂ ಬರವಿಲ್ಲ.

ಇನ್ನೂ ಹಿಂದಕ್ಕೆ, ಚಿತ್ತಾಪುರದ ಬಳಿಯ ನಾಗಾವಿಯ ಪ್ರಾಚೀನ ವಿದ್ಯಾಕೇಂದ್ರವಾದ ಘಟಿಕಾಸ್ಥಾನಕ್ಕೋ ಬೀದರಿನ ಮಹಮೂದ್ ಗವಾನನ ಮದರಸಾಕ್ಕೋ ಹೋಗುವ ಆಸೆ ಎಲ್ಲರಿಗೂ ಇರುತ್ತದೆ. ವಿಭಾಗದ ಇತಿಹಾಸಕ್ಕೆ ಅವು ನೇರವಾಗಿ ಸೇರಿದವಲ್ಲ. ಆದರೂ 1058ರ ನಾಗಾವಿ ಶಾಸನವನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು: ಎಷ್ಟು ಉಪಾಧ್ಯಾಯರು, ಎಷ್ಟು ವಿದ್ಯಾರ್ಥಿಗಳು ಎಂಬುದರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ, ಅಂದರೆ ಗ್ರಂಥಪಾಲಕರನ್ನೂ, ಅದು ಎಣಿಸಿ ಹೇಳುತ್ತದೆ. ನಮ್ಮ ಸಂಚಿಕೆಗಳಲ್ಲಿ ಗ್ರಂಥಪಾಲಕರಿಗೆ ಒಂದು ಸಾಲೂ ಸಿಗುವುದಿಲ್ಲ.

ವಿಶ್ವವಿದ್ಯಾಲಯದ ಒಳಗಿನ ಕಾಗದಗಳು

ಒಂದು ವಿಭಾಗದ ಬಗ್ಗೆ ತೀರ್ಮಾನಗಳು ನಾಲ್ಕು ಕಡೆ ದಾಖಲಾಗಿರುತ್ತವೆ: ಅಧ್ಯಯನ ಮಂಡಳಿಯ ನಡಾವಳಿ, ವಿದ್ಯಾವಿಷಯಕ ಪರಿಷತ್ತಿನ ನಡಾವಳಿ, ಸಿಂಡಿಕೇಟ್ ನಡಾವಳಿ ಮತ್ತು ವಾರ್ಷಿಕ ವರದಿ. 1976ರ ವಿಶ್ವವಿದ್ಯಾಲಯಗಳ ಕಾಯ್ದೆ ಜಾರಿಯಲ್ಲಿದ್ದಾಗ ಸೆನೆಟ್ ಕೂಡ ಇತ್ತು. 2000ದ ಕಾಯ್ದೆ ಬಂದ ಮೇಲೆ ಅದಿಲ್ಲ. ಸೆನೆಟ್ ನಡಾವಳಿಗಳನ್ನು ಕೈಬಿಡಬಾರದು, ಏಕೆಂದರೆ ಹೊರಗಿನ ಸದಸ್ಯರು ಎತ್ತಿದ ಪ್ರಶ್ನೆಗಳು ಸಿಗುವ ಜಾಗ ಅದು. 1970ರಿಂದ 1980ರವರೆಗಿನ ದಾಖಲೆಗಳಿಗಾಗಿ ಧಾರವಾಡಕ್ಕೇ ಹೋಗಬೇಕು.

ಕುಲಸಚಿವರ ಕಚೇರಿಗೆ ಬರಿಗೈಯಲ್ಲಿ ಹೋಗಿ "ಹಳೆಯ ಕಡತಗಳನ್ನೆಲ್ಲ ತೋರಿಸಿ" ಎಂದರೆ ಯಾರೂ ತೋರಿಸಲಾರರು. ಯಾವ ವರ್ಷದ, ಯಾವ ಸಭೆಯ, ಯಾವ ಠರಾವು ಎಂಬುದು ಗೊತ್ತಿರಬೇಕು. ವಾರ್ಷಿಕ ವರದಿಗಳನ್ನು ಮೊದಲು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಓದಿ, ಹುದ್ದೆ ಮಂಜೂರಾತಿ, ಹೊಸ ಪತ್ರಿಕೆಯ ಸೇರ್ಪಡೆ, ಸೀಟುಗಳ ಬದಲಾವಣೆ ಮುಂತಾದವುಗಳ ವರ್ಷಗಳನ್ನು ಗುರುತಿಸಿಕೊಂಡು, ಆಮೇಲೆ ಆ ವರ್ಷಗಳ ನಡಾವಳಿಗಳನ್ನಷ್ಟೇ ಕೇಳುವುದು ಜಾಣತನ. ಸೌಜನ್ಯದ ಪತ್ರಕ್ಕೆ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆಯ ದಾರಿ ಇದೆ: ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಅದು 150 ಪದಗಳನ್ನು ಮೀರಬಾರದು, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ತಾವೇ ಕೆಲಸ ಮಾಡುವ ಸಂಸ್ಥೆಯ ಮೇಲೆ ಇಂಥ ಅರ್ಜಿ ಹಾಕುವುದು ಹಲವರಿಗೆ ಮುಜುಗರದ ಸಂಗತಿ. ಅದನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳಬಹುದು.

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನೊಡನೆ ನಡೆದ ಪತ್ರವ್ಯವಹಾರ ಬೇರೆಯೇ ಒಂದು ಆಕರ. 1973ರಿಂದ ಸಲಹಾ ಸಂಸ್ಥೆಯಷ್ಟೇ ಆಗಿದ್ದ ಈ ಪರಿಷತ್ತು, 1993ರ ಕಾಯ್ದೆಯ ಮೇರೆಗೆ 1995ರಲ್ಲಿ ಶಾಸನಬದ್ಧ ಅಧಿಕಾರ ಪಡೆಯಿತು; ಅಲ್ಲಿಂದಾಚೆಗೆ ಎಂ.ಇಡಿ. ನಡೆಸುವ ವಿಭಾಗ ಎಷ್ಟು ಅಧ್ಯಾಪಕರನ್ನು, ಎಷ್ಟು ಕೊಠಡಿಗಳನ್ನು, ಎಷ್ಟು ಪುಸ್ತಕಗಳನ್ನು ಹೊಂದಿರಬೇಕೆಂಬ ಲೆಕ್ಕ ಕಾಗದದ ಮೇಲೆ ಬಂದಿತು. ತಪಾಸಣಾ ತಂಡಗಳಿಗೆ ವಿಭಾಗ ಸಲ್ಲಿಸಿದ ಮಾಹಿತಿಯಲ್ಲಿ ಖಾಲಿ ಹುದ್ದೆಗಳ ಸಂಖ್ಯೆಯೂ ಅತಿಥಿ ಉಪನ್ಯಾಸಕರ ಸಂಖ್ಯೆಯೂ ಇರುತ್ತವೆ. ವಾರ್ಷಿಕ ವರದಿ ಮರೆಮಾಚುವ ಸಂಗತಿ ಇಲ್ಲಿ ತಾನಾಗಿಯೇ ಹೊರಬೀಳುತ್ತದೆ.

ಪಠ್ಯಕ್ರಮ, ಪ್ರಶ್ನೆಪತ್ರಿಕೆ, ಪ್ರಬಂಧ

ವಿಭಾಗ ತನ್ನ ವಿದ್ಯಾರ್ಥಿಗಳಿಂದ ಏನನ್ನು ನಿರೀಕ್ಷಿಸಿತ್ತು ಎಂಬುದಕ್ಕೆ ಪಠ್ಯಕ್ರಮಕ್ಕಿಂತ ಪ್ರಶ್ನೆಪತ್ರಿಕೆಗಳು ನಂಬಿಕೆಗೆ ಅರ್ಹ. ಪಠ್ಯಕ್ರಮದಲ್ಲಿ ಹತ್ತು ಘಟಕಗಳಿದ್ದರೂ ಪರೀಕ್ಷೆಯಲ್ಲಿ ವರ್ಷವರ್ಷವೂ ಮೂರೇ ಘಟಕಗಳಿಂದ ಪ್ರಶ್ನೆ ಬರುತ್ತಿದ್ದರೆ, ವಿದ್ಯಾರ್ಥಿಗಳು ಓದಿದ್ದು ಆ ಮೂರನ್ನೇ. ಶೈಕ್ಷಣಿಕ ಆಡಳಿತ ಪತ್ರಿಕೆಯ ಪ್ರಶ್ನೆಗಳನ್ನು ಐದೈದು ವರ್ಷಗಳ ಅಂತರದಲ್ಲಿ ತೆಗೆದುಕೊಂಡು ಸಾಲಾಗಿ ಜೋಡಿಸಿ ನೋಡಬೇಕು. ತಪಾಸಣೆಯ ವಿಧಾನಗಳನ್ನು ವಿವರಿಸಿರಿ ಎಂಬಂಥ ಪ್ರಶ್ನೆ ಯಾವಾಗ ನಿಂತಿತು? ಸಾಂಸ್ಥಿಕ ಯೋಜನೆ, ಶಾಲಾ ವಾತಾವರಣ, ನಾಯಕತ್ವದ ಶೈಲಿಗಳು ಯಾವಾಗ ಕಾಣಿಸಿಕೊಂಡವು? ಹಳೆಯ ಪ್ರಶ್ನೆಪತ್ರಿಕೆಗಳು ಗ್ರಂಥಾಲಯದಲ್ಲಿ ಕಟ್ಟಿನ ರೂಪದಲ್ಲಿ ಇಲ್ಲದಿದ್ದರೆ ಹಳೆಯ ವಿದ್ಯಾರ್ಥಿಗಳ ಟ್ರಂಕುಗಳಲ್ಲಿ ಹುಡುಕಬೇಕು.

ಈ ಬದಲಾವಣೆಗಳಿಗೆ ಹೊರಗಿನ ಕಾರಣಗಳಿವೆ, ಅವುಗಳ ಕಾಲಸೂಚಿ ಕೈಯಲ್ಲಿರಬೇಕು. ಶೈಕ್ಷಣಿಕ ಆಡಳಿತ ಎಂಬ ಅಧ್ಯಯನಶಾಖೆ ರೂಪುಗೊಂಡದ್ದು ಅಮೆರಿಕದಲ್ಲಿ. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಿಂದ 1905ರಲ್ಲಿ ಡಾಕ್ಟರೇಟ್ ಪಡೆದ ಎಲ್‌ವುಡ್ ಕಬರ್ಲಿ ಮತ್ತು ಎಡ್ವರ್ಡ್ ಎಲಿಯಟ್ ಅದರ ಮೊದಲ ಪೀಳಿಗೆಯವರು. ಭಾರತದಲ್ಲಿ 1962ರಲ್ಲಿ ಯುನೆಸ್ಕೋ ನೆರವಿನ ಏಷ್ಯಾ ಪ್ರಾದೇಶಿಕ ಕೇಂದ್ರವಾಗಿ ದೆಹಲಿಯಲ್ಲಿ ಆರಂಭವಾದ ಸಂಸ್ಥೆಯೇ 1979ರಲ್ಲಿ ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ಸಂಸ್ಥೆ (ನೀಪಾ) ಆಯಿತು. ಶಾಲಾ ನಾಯಕತ್ವಕ್ಕೆಂದೇ ಅಲ್ಲಿ ರಾಷ್ಟ್ರೀಯ ಕೇಂದ್ರವೊಂದು 2012ರಲ್ಲಿ ಬಂದಿತು. ನಮ್ಮ ರಾಜ್ಯದಲ್ಲಿ ಸೇವೆಯಲ್ಲಿರುವ ಅಧಿಕಾರಿಗಳಿಗೆ ಆಡಳಿತ ತರಬೇತಿ ಕೊಡುವ ಸಂಸ್ಥೆ ನೆಲೆಗೊಂಡದ್ದು ಧಾರವಾಡದಲ್ಲಿ, ಇಂದಿನ ಸಿಸ್ಲೆಪ್. ನಡುವೆ 1964–66ರ ಕೊಠಾರಿ ಆಯೋಗ, 1986ರ ರಾಷ್ಟ್ರೀಯ ಶಿಕ್ಷಣ ನೀತಿ, ಅದರ ಫಲವಾಗಿ ಬಂದ ಡಯಟ್‌ಗಳು ಇವೆ. ನಮ್ಮ ಜಿಲ್ಲೆಯ ಡಯಟ್ ಇರುವುದು ಕಮಲಾಪುರದಲ್ಲಿ. ಕಲಬುರಗಿಯ ತರಗತಿಯೊಳಗೆ ಈ ಅಲೆಗಳು ಎಷ್ಟು ವರ್ಷ ತಡವಾಗಿ ಮುಟ್ಟಿದವು ಎಂಬುದನ್ನು ಪ್ರಶ್ನೆಪತ್ರಿಕೆಗಳೇ ಹೇಳುತ್ತವೆ.

ಪ್ರಬಂಧಗಳ ವಿಷಯದಲ್ಲಿ ಸ್ವಲ್ಪ ಕಠಿಣವಾಗಿ ಮಾತನಾಡಬೇಕು. ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿ ಸಿಗುತ್ತವೆ. ಯುಜಿಸಿಯ 2009ರ ನಿಯಮಾವಳಿಯ ನಂತರದವು ಹೆಚ್ಚು, ಹಿಂದಿನವು ಕಡಿಮೆ. ಎಂ.ಇಡಿ. ಲಘುಪ್ರಬಂಧಗಳು ಮಾತ್ರ ಎಲ್ಲಿಯೂ ಇಲ್ಲ, ವಿಭಾಗದ ಬೀರುವಿನಲ್ಲಷ್ಟೇ ಇರುತ್ತವೆ, ಮತ್ತು ಜಾಗ ಸಾಲದೆ ಮೊದಲು ಹೊರಬೀಳುವವೂ ಅವೇ. ಅವನ್ನು ತೆಗೆದುಕೊಂಡು ಶೀರ್ಷಿಕೆ, ವರ್ಷ, ಯಾವ ತಾಲ್ಲೂಕಿನ ಶಾಲೆಗಳು, ಯಾವ ಸಾಧನ ಎಂಬ ನಾಲ್ಕು ಕಲಮುಗಳ ಪಟ್ಟಿ ಮಾಡಿದರೆ, ವಿಭಾಗದ ಬೌದ್ಧಿಕ ಇತಿಹಾಸದ ಅರ್ಧ ಭಾಗ ಕೈಗೆ ಬಂದಂತೆ. ಸಾಧನ ಎಂಬ ಕಲಮಿನಲ್ಲಿ ಒಂದು ಸಂಗತಿ ಮತ್ತೆಮತ್ತೆ ಎದುರಾಗುವ ಸಾಧ್ಯತೆ ಹೆಚ್ಚು: ಹಾಲ್ಪಿನ್ ಮತ್ತು ಕ್ರಾಫ್ಟ್ 1960ರ ದಶಕದ ಆರಂಭದಲ್ಲಿ ಅಮೆರಿಕದ ಶಾಲೆಗಳಿಗಾಗಿ ರಚಿಸಿದ ಶಾಲಾ ವಾತಾವರಣದ ಪ್ರಶ್ನಾವಳಿಯನ್ನು ಮೋತಿಲಾಲ್ ಶರ್ಮಾ ಭಾರತದ ಶಾಲೆಗಳಿಗೆ ಹೊಂದಿಸಿದರು, ದೇಶದ ಶಿಕ್ಷಣ ವಿಭಾಗಗಳಲ್ಲಿ ಅಸಂಖ್ಯ ಪ್ರಬಂಧಗಳು ಅದರ ಮೇಲೆ ನಿಂತಿವೆ. ಪ್ರಶ್ನಾವಳಿ ಹಂಚಿ, ಪುರುಷ–ಮಹಿಳೆ, ಗ್ರಾಮ–ನಗರ, ಸರ್ಕಾರಿ–ಖಾಸಗಿ ಎಂದು ವಿಂಗಡಿಸಿ, ಸರಾಸರಿಗಳ ವ್ಯತ್ಯಾಸ ಗಣನೀಯವೋ ಅಲ್ಲವೋ ಎಂದು ಮುಗಿಸುವ ಪ್ರಬಂಧಗಳ ನಡುವೆ, ಒಬ್ಬ ಮುಖ್ಯೋಪಾಧ್ಯಾಯರ ಒಂದು ವರ್ಷದ ಕೆಲಸವನ್ನು ಕುಳಿತು ನೋಡಿ ಬರೆದ ಪ್ರಬಂಧ ಸಿಕ್ಕಿದರೆ ಅದಕ್ಕೆ ಎರಡು ಪುಟ ಮೀಸಲಿಡಬೇಕು. ಸಿಗದಿದ್ದರೆ, ಸಿಗಲಿಲ್ಲವೆಂಬುದನ್ನೂ ಬರೆಯಬೇಕು.

ಪ್ರವೇಶ ವಹಿ ಮತ್ತೊಂದು ಕಥೆ ಹೇಳುತ್ತದೆ. ಎಂ.ಇಡಿ. ಸೇರಿದವರಲ್ಲಿ ಎಷ್ಟು ಮಂದಿ ಇಲಾಖೆಯಿಂದ ನಿಯೋಜನೆಯ ಮೇಲೆ ಬಂದ ಶಿಕ್ಷಕರು, ಎಷ್ಟು ಮಂದಿ ಬಿ.ಇಡಿ. ಮುಗಿಸಿ ನೇರವಾಗಿ ಬಂದವರು ಎಂಬುದನ್ನು ವರ್ಷವಾರು ಎಣಿಸಬೇಕು. ಖಾಸಗಿ ಬಿ.ಇಡಿ. ಕಾಲೇಜುಗಳು ರಾಜ್ಯದ ತುಂಬ ಹೆಚ್ಚಿದ ವರ್ಷಗಳಲ್ಲಿ ಎಂ.ಇಡಿ. ಪದವಿಗೆ ಆ ಕಾಲೇಜುಗಳ ಉಪನ್ಯಾಸಕ ಹುದ್ದೆಯೇ ಗುರಿಯಾಯಿತೇ, ಶಾಲಾ ಆಡಳಿತದವರು ಹಿಂದೆ ಸರಿದರೇ ಎಂಬ ಪ್ರಶ್ನೆಗೆ ಉತ್ತರ ಇರುವುದು ಈ ವಹಿಯಲ್ಲಿ. 2014ರ ನಿಯಮಾವಳಿಯಿಂದ ಎಂ.ಇಡಿ. ಎರಡು ವರ್ಷಗಳದ್ದಾಯಿತು, ಸೇವೆಯಲ್ಲಿರುವ ಶಿಕ್ಷಕರಿಗೆ ಎರಡು ವರ್ಷಗಳ ರಜೆ ಸಿಗುವುದು ಸುಲಭವಲ್ಲವಾದ್ದರಿಂದ ಅದರ ಹಿಂದಿನ ಮತ್ತು ಮುಂದಿನ ಐದೈದು ವರ್ಷಗಳನ್ನು ಹೋಲಿಸಲೇಬೇಕು. ವಿದ್ಯಾರ್ಥಿಗಳ ಅಂಕ, ಜಾತಿ ಪ್ರಮಾಣಪತ್ರದಂಥ ವೈಯಕ್ತಿಕ ವಿವರಗಳನ್ನು ಮಾತ್ರ ಹೆಸರಿನೊಡನೆ ಎಲ್ಲಿಯೂ ಬರೆಯಕೂಡದು, ಮೊತ್ತದ ಸಂಖ್ಯೆ ಸಾಕು.

ಕಚೇರಿ ಮತ್ತು ಶಾಲೆಗಳಲ್ಲಿ

ಇಲ್ಲಿ ಒಂದು ಸತ್ಯವನ್ನು ಮೊದಲೇ ಒಪ್ಪಿಕೊಂಡು ಹೊರಡಬೇಕು. ನಮ್ಮ ರಾಜ್ಯದಲ್ಲಿ ಮುಖ್ಯೋಪಾಧ್ಯಾಯರ ಅಥವಾ ಬಿಇಒ ಕುರ್ಚಿಗೆ ಏರುವವರು ಜ್ಯೇಷ್ಠತೆಯ ಬಡ್ತಿಯಿಂದಲೋ ಲೋಕಸೇವಾ ಆಯೋಗದ ಪರೀಕ್ಷೆಯಿಂದಲೋ ಬರುತ್ತಾರೆ, ಎಂ.ಇಡಿ. ಅದಕ್ಕೆ ಬಾಗಿಲಲ್ಲ. ಆದ್ದರಿಂದ "ನಮ್ಮ ವಿಭಾಗ ಇಷ್ಟು ಅಧಿಕಾರಿಗಳನ್ನು ನಾಡಿಗೆ ಕೊಟ್ಟಿದೆ" ಎಂಬ ಸಂಚಿಕೆಯ ವಾಕ್ಯ ಬರೆಯುವ ಮುನ್ನ, ಅವರು ಅಧಿಕಾರಿಗಳಾದ ಮೇಲೆ ಓದಿದರೇ, ಓದಿ ಅಧಿಕಾರಿಗಳಾದರೇ ಎಂಬುದನ್ನು ಬೇರ್ಪಡಿಸಬೇಕು. ಓದಿದ್ದು ಕೆಲಸದಲ್ಲಿ ಕಂಡಿತೇ ಎಂಬುದು ಮೂರನೆಯ ಪ್ರಶ್ನೆ.

ಅದಕ್ಕೆ ನನಗೆ ತಿಳಿದಂತೆ ಅತ್ಯುತ್ತಮ ಆಕರ ಶಾಲೆಗಳ ಸಂದರ್ಶನ ಪುಸ್ತಕ. ತಪಾಸಣೆಗೆ ಬಂದ ಅಧಿಕಾರಿ ತನ್ನ ಕೈಬರಹದಲ್ಲಿ ಷರಾ ಬರೆದು ಸಹಿ ಹಾಕಿಹೋಗುವ ಪುಸ್ತಕವಿದು. ಹಳೆಯ ಶಾಲೆಗಳಲ್ಲಿ ಹಲವು ದಶಕಗಳವು ಉಳಿದಿರುತ್ತವೆ. ಪ್ರತಿ ತಾಲ್ಲೂಕಿನಿಂದ ಒಂದೆರಡು ಹಳೆಯ ಶಾಲೆಗಳನ್ನು ಆರಿಸಿಕೊಂಡು, ಮುಖ್ಯೋಪಾಧ್ಯಾಯರ ಮತ್ತು ಬಿಇಒ ಅವರ ಲಿಖಿತ ಅನುಮತಿ ಪಡೆದು, ಷರಾಗಳನ್ನು ಓದಬೇಕು. ಹಾಜರಾತಿ ನೋಡಲಾಯಿತು, ದಾಖಲೆಗಳು ಸರಿಯಾಗಿವೆ, ಶೌಚಾಲಯ ಸ್ವಚ್ಛವಾಗಿಡಲು ಸೂಚಿಸಲಾಯಿತು ಎಂಬಷ್ಟಕ್ಕೆ ನಿಲ್ಲುವ ಷರಾ ಒಂದು ಬಗೆ. ಐದನೆಯ ತರಗತಿಯ ಮಕ್ಕಳಿಗೆ ಭಾಗಾಕಾರ ಬಾರದ್ದನ್ನು ಗಮನಿಸಿ, ಶಿಕ್ಷಕರೊಡನೆ ಕುಳಿತು ಪಾಠ ಮಾಡಿ ತೋರಿಸಿದ್ದನ್ನು ದಾಖಲಿಸುವ ಷರಾ ಇನ್ನೊಂದು ಬಗೆ. ಬರೆದವರು ವಿಭಾಗದ ಹಳೆಯ ವಿದ್ಯಾರ್ಥಿಯೋ ಅಲ್ಲವೋ ಎಂಬುದನ್ನು ಪ್ರವೇಶ ವಹಿಯೊಡನೆ ತಾಳೆ ನೋಡಿದರೆ, ಹಲಗೆಯ ಮೇಲಿನ ಹೆಸರುಗಳು ಎಂದಿಗೂ ಹೇಳದ ವಿಷಯ ತಿಳಿಯುತ್ತದೆ.

ಈ ಸೀಮೆಯ ಶಾಲಾ ಆಡಳಿತ ಪುಸ್ತಕದಲ್ಲಿಲ್ಲದ ಕೆಲಸಗಳನ್ನು ಬಹಳಷ್ಟು ಕಲಿಸಿದೆ. 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಎಸ್‌ಡಿಎಂಸಿಗಳು ಬಂದಾಗ ಮುಖ್ಯೋಪಾಧ್ಯಾಯರು ಪಾಲಕರ ಸಮಿತಿಯೊಡನೆ ಲೆಕ್ಕ ಹಂಚಿಕೊಳ್ಳಬೇಕಾಯಿತು. 2002ರಲ್ಲಿ ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ ಮೊದಲು ಜಾರಿಯಾದದ್ದು ಬೀದರ್, ಗುಲಬರ್ಗಾ, ರಾಯಚೂರು ಸೇರಿದ ಉತ್ತರದ ಏಳು ಜಿಲ್ಲೆಗಳಲ್ಲಿ. ಅಕ್ಕಿಯ ದಾಸ್ತಾನು, ಅಡುಗೆಯವರ ನೇಮಕ, ಅಡುಗೆಕೋಣೆಯ ಸುರಕ್ಷತೆ ರಾಜ್ಯದ ಬೇರೆಡೆಗಿಂತ ಮೊದಲು ಇಲ್ಲಿನ ಮುಖ್ಯೋಪಾಧ್ಯಾಯರ ತಲೆಗೆ ಬಂದವು. 2007ರ ಕಾಯ್ದೆಯಿಂದ ಶಿಕ್ಷಕರ ವರ್ಗಾವಣೆಗೆ ಶಾಸನದ ಚೌಕಟ್ಟು ಬಂದಿತು. 2013ರಿಂದ ಈ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ನೇಮಕಾತಿ ಮತ್ತು ಬಡ್ತಿಯ ಲೆಕ್ಕಾಚಾರವನ್ನೇ ಬದಲಿಸಿತು. ಇವುಗಳಲ್ಲಿ ಯಾವುದು, ಎಷ್ಟು ವರ್ಷಗಳ ಬಳಿಕ, ವಿಭಾಗದ ಪಠ್ಯಕ್ರಮದೊಳಗೆ ಬಂದಿತು ಎಂದು ನೋಡುವುದು ಈ ಇತಿಹಾಸದ ತಿರುಳು. ನನ್ನ ಅಭಿಪ್ರಾಯದಲ್ಲಿ ಇಡೀ ಲೇಖನದ ಮೂರನೇ ಒಂದು ಭಾಗ ಇದಕ್ಕೇ ಸಲ್ಲಬೇಕು.

ನಿವೃತ್ತರ ಮಾತು

ನಿವೃತ್ತ ಅಧಿಕಾರಿಗಳನ್ನು ಭೇಟಿಯಾದಾಗ "ಸರ್, ವಿಭಾಗ ನಿಮಗೆ ಏನು ಕೊಟ್ಟಿತು?" ಎಂದು ಕೇಳಬಾರದು, ಗುರುಗಳ ಗುಣಗಾನ ಸಿಗುತ್ತದೆ, ಬೇರೇನೂ ಸಿಗುವುದಿಲ್ಲ. ಬಿಇಒ ಆಗಿ ಕುಳಿತ ಮೊದಲ ವಾರ ಮೇಜಿನ ಮೇಲೆ ಬಂದ ಕಡತ ಯಾವುದು, ಅದನ್ನು ತೀರ್ಮಾನಿಸಲು ಯಾರನ್ನು ಕೇಳಿದಿರಿ, ಕಚೇರಿಯ ಅಧೀಕ್ಷಕರನ್ನೋ, ಹಿರಿಯ ಸಹೋದ್ಯೋಗಿಯನ್ನೋ, ಓದಿದ ಪುಸ್ತಕವನ್ನೋ ಎಂದು ಕೇಳಬೇಕು. ಮುಷ್ಕರದ ದಿನ, ಪರೀಕ್ಷಾ ಕೇಂದ್ರದ ಗಲಾಟೆಯ ದಿನ, ಅನುದಾನ ವಾಪಸ್ಸಾಗಲಿದ್ದ ಮಾರ್ಚ್ ತಿಂಗಳು, ಹೀಗೆ ಘಟನೆಗಳ ಮೂಲಕ ಕೇಳಿದರೆ ಮಾತು ಬಿಚ್ಚಿಕೊಳ್ಳುತ್ತದೆ. ಅವರ ಮಾತನ್ನು ಕಲಬುರಗಿಯ ಕನ್ನಡದಲ್ಲಿಯೇ, ನಡುವೆ ಬರುವ ಉರ್ದು ಶಬ್ದಗಳ ಸಮೇತ ಬರೆದುಕೊಳ್ಳಬೇಕು. ಮಹಿಳಾ ಅಧಿಕಾರಿಗಳನ್ನೂ, ಪರಿಶಿಷ್ಟ ಸಮುದಾಯಗಳಿಂದ ಮೊದಲ ಬಾರಿಗೆ ಆ ಕುರ್ಚಿಗೆ ಬಂದವರನ್ನೂ ಹುಡುಕಿಕೊಂಡು ಹೋಗಬೇಕಾಗುತ್ತದೆ, ಏಕೆಂದರೆ ಹಳೆಯ ವಿದ್ಯಾರ್ಥಿಗಳ ಸಂಘದ ಪಟ್ಟಿಯಲ್ಲಿ ಅವರು ಕಡಿಮೆ. ಧ್ವನಿಮುದ್ರಣಕ್ಕೂ ಹೆಸರು ಬಳಸುವುದಕ್ಕೂ ಬೇರೆಬೇರೆ ಒಪ್ಪಿಗೆ ಪಡೆಯಬೇಕು.

ಅಂಕಿಗಳನ್ನು ಓದುವಾಗ

ವಿಶ್ವವಿದ್ಯಾಲಯದ ವ್ಯಾಪ್ತಿ ಹಲವು ಸಲ ಕಿರಿದಾಗಿದೆ. 2010ರಲ್ಲಿ ಬಳ್ಳಾರಿ ಮತ್ತು ಕೊಪ್ಪಳ ಹೊಸ ವಿಶ್ವವಿದ್ಯಾಲಯಕ್ಕೆ ಸೇರಿದವು. ಆಮೇಲೆ ರಾಯಚೂರು ಮತ್ತು ಯಾದಗಿರಿ, ಅದಾದ ಮೇಲೆ ಬೀದರ್ ತಮ್ಮದೇ ವಿಶ್ವವಿದ್ಯಾಲಯಗಳನ್ನು ಪಡೆದವು. 2009ರಲ್ಲಿ, ಇಂದು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯವೂ ಆರಂಭವಾಯಿತು. ಸಂಶೋಧನಾರ್ಥಿಗಳ ಸಂಖ್ಯೆಯೋ ಸಂಯೋಜಿತ ಬಿ.ಇಡಿ. ಕಾಲೇಜುಗಳ ಸಂಖ್ಯೆಯೋ ಇಳಿದದ್ದು ಕಂಡರೆ ಅದು ವಿಭಾಗದ ಸೋಲೆಂದು ಬರೆಯುವ ಮುನ್ನ ನಕ್ಷೆಯನ್ನು ನೋಡಬೇಕು. ಅದೇ ರೀತಿ, 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿಯೂ 2025ರಲ್ಲಿ ಕಲಬುರಗಿಯೂ ರಾಜ್ಯದ ಕೊನೆಯ ಸ್ಥಾನದಲ್ಲಿದ್ದವು. ಇದನ್ನು ವಿಭಾಗದ ತಲೆಗೆ ಕಟ್ಟುವುದು ಅನ್ಯಾಯ, ಶಿಕ್ಷಕರ ಕೊರತೆ, ಗುಳೆ, ಬಡತನ ಎಲ್ಲವೂ ಅದರಲ್ಲಿವೆ. ಆದರೆ ಶಾಲಾ ನಾಯಕತ್ವವನ್ನೇ ಅಧ್ಯಯನ ಮಾಡುವ ವಿಭಾಗದ ಇತಿಹಾಸದಲ್ಲಿ ಈ ಸಂಗತಿಯ ಪ್ರಸ್ತಾಪವೇ ಇಲ್ಲದಿದ್ದರೆ ಓದುಗರು ನಂಬುವುದಿಲ್ಲ. ಈ ಫಲಿತಾಂಶಗಳ ಬಗ್ಗೆ ವಿಭಾಗದಲ್ಲಿ ಯಾವ ಅಧ್ಯಯನ ನಡೆಯಿತು, ಅದು ಉಪನಿರ್ದೇಶಕರ ಕಚೇರಿಯನ್ನು ತಲುಪಿತೇ ಎಂಬಷ್ಟನ್ನಾದರೂ ಹೇಳಬೇಕು.

ಬರೆಯುವಾಗ ಮುಖ್ಯಸ್ಥರ ಅವಧಿಗಳನ್ನು ಅಧ್ಯಾಯಗಳನ್ನಾಗಿ ಮಾಡದೆ, ಕೆಲಸದ ಸ್ವರೂಪ ಬದಲಾದ ಘಟ್ಟಗಳನ್ನು ಅಧ್ಯಾಯಗಳನ್ನಾಗಿ ಮಾಡಿಕೊಳ್ಳಬೇಕು. ಮುಖ್ಯಸ್ಥರ ಪಟ್ಟಿ ಅನುಬಂಧದಲ್ಲಿರಲಿ, ಅದರ ಪಕ್ಕದಲ್ಲಿ ಗ್ರಂಥಪಾಲಕರ ಮತ್ತು ಕಚೇರಿ ಸಿಬ್ಬಂದಿಯ ಪಟ್ಟಿಯೂ ಇರಲಿ. ಕರಡನ್ನು ವಿಭಾಗದ ಒಬ್ಬ ನಿವೃತ್ತ ಪ್ರಾಧ್ಯಾಪಕರಿಗೂ ವಿಭಾಗದಲ್ಲಿ ಓದದ ಒಬ್ಬ ಮುಖ್ಯೋಪಾಧ್ಯಾಯರಿಗೂ ಓದಲು ಕೊಡಬೇಕು. ಸಂಗ್ರಹಿಸಿದ ಪ್ರಶ್ನೆಪತ್ರಿಕೆಗಳ ಪ್ರತಿ, ಲಘುಪ್ರಬಂಧಗಳ ಪಟ್ಟಿ, ಷರಾಗಳ ಛಾಯಾಚಿತ್ರ, ಒಪ್ಪಿಗೆ ಪತ್ರಗಳೊಡನೆ ಧ್ವನಿಮುದ್ರಣಗಳನ್ನು ವರ್ಷವಾರು ಜೋಡಿಸಿ, ಒಂದು ಪ್ರತಿಯನ್ನು ವಿಭಾಗದಲ್ಲಿಯೂ ಇನ್ನೊಂದನ್ನು ವಿಶ್ವವಿದ್ಯಾಲಯದ ಕೇಂದ್ರ ಗ್ರಂಥಾಲಯದಲ್ಲಿಯೂ ಪರಿಗ್ರಹಣ ಸಂಖ್ಯೆ ಹಾಕಿಸಿ ಒಪ್ಪಿಸಿ, ರಸೀದಿ ಪಡೆಯಬೇಕು.